ಗೋಮಾಳದ ಹಕ್ಕಿಗಳು, ಗಾಲ್ಫ್ ಮೈದಾನದಲ್ಲಿ

ನಾನು ಗಾಲ್ಫನ್ನು ಕೆಟ್ಟದಾಗಿ ಆಡುತ್ತೇನೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಈ ಬರಹದಲ್ಲಿ ಬರುವ ಹಕ್ಕಿಗಳು ನನ್ನ ಕಣ್ಣಿಗೆ ಬಿದ್ದದ್ದೇ ಆ ಕಾರಣದಿಂದ. ಚೆನ್ನಾಗಿ ಆಡುವವರ ಚೆಂಡು ಮೊದಲ ಹೊಡೆತದ ಜಾಗವಾದ ಟೀಯಿಂದ ಹೊರಟು, ಹುಲ್ಲು ಕತ್ತರಿಸಿದ ಹಾದಿಯಾದ ಫೇರ್‌ವೇಯ ನಡುಮಧ್ಯದಲ್ಲಿ ಬಿದ್ದು, ಅಲ್ಲಿಂದ ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನಿಗೆ ಏರಿ, ಕುಳಿಯೊಳಗೆ ಇಳಿಯುತ್ತದೆ. ಅಂಥವರು ಆಟ ಮುಗಿಸಿ ಮನೆಗೆ ಹೋಗುವ ಹೊತ್ತಿಗೆ ನೋಡಿರುವುದು ಕತ್ತರಿಸಿದ ಹುಲ್ಲು ಮತ್ತು ಬಾವುಟ, ಅಷ್ಟೇ. ನನ್ನ ಚೆಂಡಿಗೆ ಅಂಥ ಶಿಸ್ತಿಲ್ಲ. ಅದು ಬೇಲಿಯಂಚಿನ ಲಂಟಾನದ ಪೊದೆಗೆ, ಯಾವುದೋ ಕಾಲದಲ್ಲಿ ಸುರಿದು ಮರೆತ ಜಲ್ಲಿಯ ಕಡೆಗೆ, ಮರಳು ತುಂಬಿದ ಗುಂಡಿಯಾದ ಬಂಕರಿಗೆ, ಹುಲ್ಲನ್ನು ಒರಟಾಗಿ ಬಿಟ್ಟ, ಯಾರೂ ಕಾಲಿಡದ ಒಣ ರಫ್‌ನ ಮೂಲೆಗೆ ಹೋಗುತ್ತದೆ. ಅದರ ಹಿಂದೆ ನಾನೂ ಹೋಗುತ್ತೇನೆ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಸಕ್ಕರೆ ಕಾಯಿಲೆಯವನಿಗೆ ನಡಿಗೆ ಬೇಕೇ ಬೇಕೆಂದು ಡಾಕ್ಟರು ಹೇಳಿದರು; ಬರಿದೇ ನಡೆಯುವುದು ಬೇಸರವೆಂದು ಹಳೆಯ ಸಹೋದ್ಯೋಗಿಯೊಬ್ಬರು ಚಾಮುಂಡಿ ಬೆಟ್ಟದ ತಪ್ಪಲಿನ ಈ ಮೈದಾನಕ್ಕೆ ನನ್ನನ್ನು ಎಳೆದು ತಂದರು. ಪೇಟೆಯ ಸದ್ದು ಕೇಳಿಯೂ ಕೇಳಿಸದಷ್ಟು ದೂರದಲ್ಲಿ, ತಲೆಯೆತ್ತಿದರೆ ಬೆಟ್ಟ ಕಾಣುವಷ್ಟು ಹತ್ತಿರದಲ್ಲಿ, ಇಷ್ಟು ಅಗಲದ ಬಯಲು ಊರೊಳಗೆ ಇನ್ನೂ ಉಳಿದುಕೊಂಡಿದೆ ಎಂಬುದೇ ನನಗೆ ಆಗ ಆಶ್ಚರ್ಯವಾಗಿತ್ತು.

ಮೈಸೂರು, ಮಂಡ್ಯದ ಕಡೆಯವರಿಗೆ ಹಕ್ಕಿ ಎಂದರೆ ನೆನಪಾಗುವುದು ರಂಗನತಿಟ್ಟು ಅಥವಾ ಕೊಕ್ಕರೆಬೆಳ್ಳೂರು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನವು ಪಕ್ಷಿಧಾಮವೆಂದು ಘೋಷಿಸಿದ ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆಮರಗಳಲ್ಲೇ ಗೂಡು ಕಟ್ಟಿ, ಊರ ಹೆಣ್ಣುಮಕ್ಕಳು ತವರಿಗೆ ಬಂದಂತೆ ವರ್ಷವರ್ಷವೂ ಬಂದು ಹೋಗುತ್ತವೆ. ಇವೆಲ್ಲ ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ, ಗುಂಪುಗುಂಪಾಗಿ ಸಂಸಾರ ಹೂಡುವ ದೊಡ್ಡ ಹಕ್ಕಿಗಳು. ಅವುಗಳಿಗೆ ದೋಣಿಯಿದೆ, ಟಿಕೆಟ್ ಇದೆ, ಫಲಕವಿದೆ. ನೆಲದ ಮೇಲೆ, ನಮ್ಮ ಪಾದದ ಮಟ್ಟದಲ್ಲಿ, ಒಂದು ಕಡ್ಡಿಯ ಮರೆಯೂ ಇಲ್ಲದೆ ಮೊಟ್ಟೆಯಿಡುವ ಹಕ್ಕಿಗಳ ವಿಷಯ ಬೇರೆ. ಅವುಗಳ ಸುರಕ್ಷತೆಯೆಲ್ಲ ಯಾರ ಕಣ್ಣಿಗೂ ಬೀಳದಿರುವುದರಲ್ಲಿದೆ. ಇದು ನನಗೆ ಅರ್ಥವಾಗಲು ಒಂದು ಸಂಸಾರ ಹಾಳಾಗಬೇಕಾಯಿತು, ಅದೂ ನನ್ನ ಕೈಯಿಂದ.

ಮಾರ್ಚ್ ತಿಂಗಳ ಕೊನೆ. ಬೆಳಗಿನ ಎಂಟೂವರೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಹೊಡೆದ ಚೆಂಡು ಎಂದಿನಂತೆ ಬಲಕ್ಕೆ ವಾಲಿ, ಜಲ್ಲಿ ಚೆಲ್ಲಿದ್ದ ಒಣ ನೆಲದ ಕಡೆ ಹೋಯಿತು. ಹುಡುಕಿಕೊಂಡು ಅತ್ತ ಹೋಗುತ್ತಿದ್ದಂತೆ ತೇನೆಹಕ್ಕಿ ಎದ್ದು ಕಿರುಚತೊಡಗಿತು. ಪುಸ್ತಕದವರು ಕೆಂಪು ಟಿಟ್ಟಿಭ ಎನ್ನುವ ಹಕ್ಕಿಯಿದು: ಕಪ್ಪು ತಲೆ, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪಗಿನ ಚರ್ಮ, ಹಳದಿಯ ಉದ್ದ ಕಾಲು. ಇದರ ಕೂಗು ಇಂಗ್ಲಿಷರ ಕಿವಿಗೆ 'ಡಿಡ್ ಹಿ ಡೂ ಇಟ್' ಎಂದು ಕೇಳಿಸಿತಂತೆ. 'ಅವನು ಮಾಡಿದನೇ, ಅವನು ಮಾಡಿದನೇ' ಎಂದು ತಲೆಯ ಮೇಲೆ ಸುತ್ತುತ್ತಾ ವಿಚಾರಿಸುವ ಹಕ್ಕಿಗೆ ನನ್ನಂಥ ಆಟಗಾರನಿರುವ ಮೈದಾನಕ್ಕಿಂತ ತಕ್ಕ ಜಾಗ ಇನ್ನೊಂದಿರಲಾರದು. ಅದು ನನ್ನ ತಲೆಯ ಮೇಲೆ ಒಮ್ಮೆ ಎರಗಿ, ಮುಂದೆ ಹೋಗಿ ಕುಳಿತು, ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ ನಡೆಯತೊಡಗಿತು. ನಾನು ಪಾಪವೆಂದು ಅದರ ಹಿಂದೆ ಎರಡು ಹೆಜ್ಜೆ ಹಾಕಿದೆನೋ ಇಲ್ಲವೋ, ಹಿಂದಿನಿಂದ ಆಟದ ಚೀಲ ಹೊರುವ ನಮ್ಮ ಹಿರಿಯ ಕ್ಯಾಡಿಯ ದನಿ ಬಂತು: "ಸಾ, ನಿಂತ್ಕಳಿ. ಕಾಲ್ ಎತ್ತಬ್ಯಾಡಿ. ಕೆಳಗೆ ನೋಡ್ಕಳಿ."

ಕೆಳಗೆ ನೋಡಿದೆ. ಏನೂ ಇರಲಿಲ್ಲ. ಜಲ್ಲಿ, ಒಣಗಿದ ಹುಲ್ಲಿನ ಬೇರು, ಮಣ್ಣು. ಆತ ಬೆರಳು ತೋರಿಸಿದ ಮೇಲೂ ನಾಲ್ಕಾರು ಉಸಿರಿನಷ್ಟು ಹೊತ್ತು ಏನೂ ಕಾಣಿಸಲಿಲ್ಲ. ಆಮೇಲೆ ಒಮ್ಮೆಗೇ, ಕಲ್ಲುಗಳ ನಡುವಿನಿಂದ ಕಲ್ಲಲ್ಲದ ನಾಲ್ಕು ಎದ್ದು ಬಂದಂತೆ, ಮೊಟ್ಟೆಗಳು ಕಂಡವು. ನೆಲವನ್ನು ಕೆರೆದು ಮಾಡಿದ, ಬೋಗುಣಿಯ ತಳದಷ್ಟು ಆಳವೂ ಇಲ್ಲದ ತಗ್ಗು; ಅದರ ಸುತ್ತ ಕಡಲೆಕಾಳಿನ ಗಾತ್ರದ ಕಲ್ಲುಗಳು ಮತ್ತು ಎಲ್ಲಿಂದಲೋ ಹೆಕ್ಕಿ ತಂದ ಆಡಿನ ಹಿಕ್ಕೆಗಳು. ಮೊಟ್ಟೆಯ ಬಣ್ಣ ಒಣ ಮಣ್ಣಿನದು, ಅದರ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಕಲೆಗಳು. ನಾಲ್ಕೂ ತಮ್ಮ ಚೂಪು ತುದಿಗಳನ್ನು ಒಳಕ್ಕೆ ಮಾಡಿಕೊಂಡು, ಪಗಡೆಯ ಹಾಸಿನಂತೆ ಜೋಡಣೆಯಾಗಿದ್ದವು. ಹಾಗೆ ಜೋಡಿಸಿದರೆ ನಾಲ್ಕು ಮೊಟ್ಟೆಗಳು ಒಂದು ಹಕ್ಕಿಯ ಹೊಟ್ಟೆಯಡಿ ಸರಿಯಾಗಿ ಹಿಡಿಯುತ್ತವೆ. ಅಲ್ಲಿಂದ ಒಂದು ಗೇಣು ಆಚೆ ನನ್ನ ಚೆಂಡು ಬೆಳ್ಳಗೆ ಕುಳಿತಿತ್ತು. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ಆಟದ ನಿಯಮ. ತೇನೆಹಕ್ಕಿಯ ಮೊಟ್ಟೆಯ ಉದ್ದ ಸರಾಸರಿ 42 ಮಿಲಿಮೀಟರ್. ಮನುಷ್ಯನು ಕಾರ್ಖಾನೆಯಲ್ಲಿ ಮಾಡಿದ್ದು ಎಷ್ಟು ದೂರದಿಂದಲೂ ಕಾಣಲೆಂದು ಬೆಳ್ಳಗಿದೆ, ಹಕ್ಕಿ ಮಾಡಿದ್ದು ಎಷ್ಟು ಹತ್ತಿರದಿಂದಲೂ ಕಾಣಬಾರದೆಂದು ಮಣ್ಣಾಗಿದೆ. ಗಾತ್ರ ಮಾತ್ರ ಹೆಚ್ಚುಕಡಿಮೆ ಒಂದೇ.

ಚೆಂಡನ್ನು ಅಲ್ಲಿಂದ ಆಡುವ ಪ್ರಶ್ನೆಯೇ ಇರಲಿಲ್ಲ. ಇನ್ನೊಂದು ಚೆಂಡನ್ನು ದೂರದಲ್ಲಿ ಹಾಕಿಕೊಂಡು ಆಡಿದೆ. ಜೊತೆಯವರು ಯಾರೂ ತಕರಾರು ತೆಗೆಯಲಿಲ್ಲ. ಗಾಲ್ಫಿನ ನಿಯಮಗಳು ಈ ವಿಷಯದಲ್ಲಿ ನಾನೆಣಿಸಿದ್ದಕ್ಕಿಂತ ಮಾನವಂತವಾಗಿವೆ ಎಂದು ಆಮೇಲೆ ಓದಿ ತಿಳಿದೆ: ಕಾಡುಜೀವಿಗಳ ನೆಲೆಯನ್ನು ಕಾಪಾಡಲೆಂದು ಮೈದಾನದ ಒಂದು ಭಾಗವನ್ನು ಯಾರೂ ಆಡಕೂಡದ ಜಾಗವೆಂದು ಗುರುತಿಸಲು ಅವಕಾಶವಿದೆ. ನಿಂತಿದ್ದ ಚೆಂಡನ್ನು ಕಾಗೆ ಹೊತ್ತೊಯ್ದರೆ ದಂಡವಿಲ್ಲದೆ ಮೊದಲಿನ ಜಾಗದಲ್ಲೇ ಇನ್ನೊಂದನ್ನು ಇಡಬಹುದು. ನಮ್ಮಲ್ಲಿ ಇದು ತಮಾಷೆಯಲ್ಲ. ಏಳನೆಯ ಕುಳಿಯ ಹತ್ತಿರದ ಮರದ ಕಾಗೆಗಳು ವಾರಕ್ಕೊಂದಾದರೂ ಚೆಂಡನ್ನು ಮೊಟ್ಟೆಯೆಂದು ಎತ್ತಿಕೊಂಡು ಹೋಗಿ, ಕುಕ್ಕಿ ನೋಡಿ, ನಿರಾಸೆಯಿಂದ ಬಿಸಾಡುತ್ತವೆ.

ಕಾಗೆಗಳ ಈ ಅಭ್ಯಾಸ ಗೊತ್ತಿದ್ದೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು. ಗೂಡಿಗೆ ತೊಂದರೆಯಾಗದಿರಲಿ ಎಂದು ಚೆಂಡನ್ನು ಅಲ್ಲಿಯೇ ಬಿಟ್ಟೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ. ಆಟ ಮುಗಿಸಿ ಹೋಗುವಾಗ ನಾಲ್ಕು ಕಡ್ಡಿಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಯಾರೂ ತುಳಿಯದಿರಲಿ ಎಂದು ಮೊಟ್ಟೆಗಳ ಸುತ್ತ ನೆಟ್ಟೆ. ಬಹಳ ಒಳ್ಳೆಯ ಕೆಲಸ ಮಾಡಿದೆನೆಂದು ಮನೆಯಲ್ಲಿ ಹೇಳಿಕೊಂಡೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನೆಂಟರ ಗುಂಪಿಗೂ ಕಳಿಸಿದೆ. ಮೂರನೆಯ ದಿನ ಹೋಗಿ ನೋಡಿದರೆ ಕಡ್ಡಿಗಳು ಸರಿಯಾಗಿ ನಿಂತಿದ್ದವು, ಬಟ್ಟೆ ಗಾಳಿಗೆ ಆಡುತ್ತಿತ್ತು, ನನ್ನ ಚೆಂಡು ಇದ್ದಲ್ಲೇ ಇತ್ತು. ಮೊಟ್ಟೆ ಒಂದೂ ಇರಲಿಲ್ಲ. ಒಂದು ಚಿಪ್ಪಿನ ಚೂರಿಗೆ ಒಳಗಿನ ಲೋಳೆ ಒಣಗಿ ಅಂಟಿಕೊಂಡಿತ್ತು, ಅದರ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ತೇನೆಹಕ್ಕಿಗಳು ಎರಡೂ ದೂರದಲ್ಲಿ ಸುಮ್ಮನೆ ನಿಂತಿದ್ದವು, ಕೂಗಲಿಲ್ಲ. ಅವು ಕಿರುಚಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕ್ಯಾಡಿ ನನಗಿಂತ ಹತ್ತು ವರ್ಷ ಚಿಕ್ಕವನಿರಬಹುದು, ಹುಡುಗನಾಗಿದ್ದಾಗಿನಿಂದ ಇದೇ ಬಯಲಿನಲ್ಲಿ ನಡೆದವನು. ಅವನು ನನ್ನನ್ನು ಬಯ್ಯಲಿಲ್ಲ; ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಸ್ವಲ್ಪ ದೂರ ನಡೆದ ಮೇಲೆ, "ಕಾಗೆಗೆ ಬೋರ್ಡ್ ಹಾಕ್ದಂಗಾಯ್ತು ಸಾ" ಎಂದ. ಅಷ್ಟೇ. ಮುಂಗುಸಿಯೂ ಆಗಿರಬಹುದಲ್ಲವೇ ಎಂದು ನಾನು ಕೇಳಿದ್ದಕ್ಕೆ, ಆಗಿರಬಹುದು ಎಂದು ಒಪ್ಪಿದ. ಆದರೆ ಆ ಒಪ್ಪಿಗೆ ನನ್ನ ಮುಖ ನೋಡಿ ಕೊಟ್ಟದ್ದು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದಷ್ಟೇ ಅಲ್ಲ, ಮೊಟ್ಟೆಗಾಗಲಿ ಗೂಡಿಗಾಗಲಿ ಉಪದ್ರವ ಕೊಡುವುದೂ 'ಬೇಟೆ'ಯ ವ್ಯಾಖ್ಯೆಯೊಳಗೇ ಬರುತ್ತದೆ. ಕೆಂಪು ಬಟ್ಟೆ ಕಟ್ಟಿದವನನ್ನು ಯಾವ ನ್ಯಾಯಾಲಯವೂ ಬೇಟೆಗಾರ ಎನ್ನಲಾರದು. ತೇನೆಹಕ್ಕಿಯನ್ನು ಕೇಳಿದ್ದರೆ ಏನೆನ್ನುತ್ತಿತ್ತೋ.

ಪಂಚತಂತ್ರದಲ್ಲಿ ಈ ಹಕ್ಕಿಯ ಕತೆಯೊಂದಿದೆ. ಟಿಟ್ಟಿಭ ದಂಪತಿ ಕಡಲ ದಂಡೆಯಲ್ಲಿ ಮೊಟ್ಟೆಯಿಡುತ್ತವೆ, ಸಮುದ್ರ ಅದನ್ನು ಸೆಳೆದುಕೊಳ್ಳುತ್ತದೆ, ಹಕ್ಕಿಗಳು ಗರುಡನವರೆಗೂ ದೂರು ಒಯ್ದು ಮೊಟ್ಟೆಗಳನ್ನು ಮರಳಿ ಪಡೆಯುತ್ತವೆ. ಹೊಂಚುವವನು ಸಮುದ್ರದಷ್ಟು ದೊಡ್ಡವನಾಗಿದ್ದರೆ ದೂರು ಕೊಡಬಹುದು. ನನ್ನಂಥ ಒಳ್ಳೆಯ ಮನಸ್ಸಿನವನ ಮೇಲೆ ಯಾರಿಗೆ ದೂರು ಕೊಡುವುದು? ಕತೆ ಕಟ್ಟಿದವನು ಹಕ್ಕಿಯನ್ನು ಹತ್ತಿರದಿಂದ ನೋಡಿದ್ದಂತೂ ನಿಜ. ಇಷ್ಟು ಬಯಲಿನಲ್ಲಿ, ಇಷ್ಟು ನಂಬಿಕೆಯಿಂದ ಮೊಟ್ಟೆಯಿಡುವ ಹಕ್ಕಿಯನ್ನೇ ಅವನು ಆರಿಸಿಕೊಂಡಿದ್ದಾನೆ.

ಗಾಲ್ಫ್ ಮೈದಾನವನ್ನು ಈ ಹಕ್ಕಿ ಏಕೆ ಆರಿಸಿಕೊಂಡಿತು ಎಂಬುದು ಆ ಬೇಸಿಗೆಯಲ್ಲಿ ನನ್ನನ್ನು ಬಹಳ ಕಾಡಿತು. ನಾನು ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರ ಹೊರಗೆ ಗೋಮಾಳವಿತ್ತು. ಅಜ್ಜನ ಕುರಿಗಳ ಹಿಂದೆ ರಜೆಯ ದಿನಗಳಲ್ಲಿ ನಾನೂ ಹೋಗುತ್ತಿದ್ದೆ. ರಾತ್ರಿ ಆ ಕಡೆಯಿಂದ ತೇನೆಹಕ್ಕಿ ಕೂಗಿದರೆ ಅಜ್ಜಿ "ಯಾರೋ ಬರ್ತಾವ್ರೆ" ಎಂದು ಲಾಟೀನಿನ ಬತ್ತಿ ಏರಿಸುತ್ತಿದ್ದಳು. ಕಾಲು ಮೇಲೆ ಮಾಡಿ ಮಲಗುವ ಈ ಹಕ್ಕಿ ಆಕಾಶ ಬಿದ್ದರೆ ಹಿಡಿಯುತ್ತದೆ ಎಂದು ಹೇಳಿದ್ದೂ ಅವಳೇ. ಆ ಗೋಮಾಳದಲ್ಲಿ ಹುಲ್ಲು ಎಂದೂ ಕಣಕಾಲು ಮುಟ್ಟುತ್ತಿರಲಿಲ್ಲ. ದನಕುರಿಗಳು ಮೇಯ್ದು ಮೇಯ್ದು ನೆಲಕ್ಕೆ ಅಂಟಿದಂತಿರುತ್ತಿತ್ತು, ನಡುನಡುವೆ ಕಲ್ಲುಜಲ್ಲಿ, ಮಳೆನೀರು ನಿಲ್ಲುವ ಸಣ್ಣ ತಗ್ಗು, ಅಂಚಿನಲ್ಲಿ ಮುಳ್ಳುಪೊದೆ. ನಾಲೆ ಹಾದ ಕಡೆಯೆಲ್ಲ ಗದ್ದೆಯೂ ಕಬ್ಬೂ ಆದವು, ಉಳಿದದ್ದು ಮಂಜೂರಾಯಿತು, ಒತ್ತುವರಿಯಾಯಿತು, ಸೈಟಾಯಿತು. ಮೈಸೂರಿನ ಸುತ್ತಲಿನ ಬಡಾವಣೆಗಳ ಕತೆಯೂ ಇದೇ. ಈಗ ಈ ಮೈದಾನವನ್ನು ನೋಡಿ: ಮೊಟಕಾಗಿ ಕತ್ತರಿಸಿದ ಹುಲ್ಲು, ನಡುವೆ ಬೋಳು ನೆಲ, ನೀರಿನ ತಗ್ಗು, ಅಂಚಿನಲ್ಲಿ ಪೊದೆ, ಕಾವಲು, ನಾಯಿಗಳ ಕಾಟ ಕಡಿಮೆ. ಫೇರ್‌ವೇಗಳಿಗೆ ಹಾಕುವ, ಅಂಗಡಿಯವರು ಬರ್ಮುಡಾ ಎಂದು ಮಾರುವ ಹುಲ್ಲು ಬೇರೇನೂ ಅಲ್ಲ, ನಾವು ಗಣೇಶನಿಗೆ ಏರಿಸುವ ಗರಿಕೆಯ ಜಾತಿಯದೇ. ತೇನೆಹಕ್ಕಿಗೆ ಕಾಣುವುದು ಗಾಲ್ಫ್ ಅಲ್ಲ. ಅದು ಗೋಮಾಳವನ್ನು ಹುಡುಕಿಕೊಂಡು ಬಂದಿದೆ, ಸಿಕ್ಕಿದೆ.

ಈ ಮಾತು ಬರೀ ನನ್ನ ಕಲ್ಪನೆಯಲ್ಲ ಎಂದು ಬೆಳ್ಳಕ್ಕಿಗಳು ದಿನವೂ ತೋರಿಸುತ್ತವೆ. ಹುಲ್ಲು ಕತ್ತರಿಸುವ ಮಿಷನ್ನು ಶೆಡ್ಡಿನಿಂದ ಹೊರಟ ಕೂಡಲೇ ಹತ್ತು ಹನ್ನೆರಡು ಬೆಳ್ಳಕ್ಕಿಗಳು ಬಂದು ಅದರ ಮಗ್ಗುಲಲ್ಲೇ ನಡೆಯುತ್ತವೆ, ಮೇಯುವ ಎಮ್ಮೆಯ ಮೂತಿಯ ಮುಂದೆ ನಡೆದಂತೆ. ಎದ್ದ ಮಿಡತೆಗಳನ್ನು ಹಿಡಿಯುತ್ತವೆ. ಮಿಷನ್ನಿನ ಸದ್ದಿಗೆ ಅವು ಹೆದರುವುದಿಲ್ಲ, ನಾನು ಕೆಮ್ಮಿದರೆ ಹಾರುತ್ತವೆ. ಎಮ್ಮೆಯ ಬೆನ್ನೇರಿ ಕೂರುತ್ತಿದ್ದ ಕಾಜಾಣ ಇಲ್ಲಿ ಬಾವುಟದ ಕೋಲಿನ ತುದಿಯಲ್ಲಿ ಕೂರುತ್ತದೆ. ಚಂದ್ರಮುಕುಟ ಗ್ರೀನಿನ ಅಂಚಿನಲ್ಲಿ ಉದ್ದ ಕೊಕ್ಕನ್ನು ಹೊಲಿಗೆಯ ಸೂಜಿಯಂತೆ ಚುಚ್ಚಿ ತೆಗೆಯುತ್ತಾ ಗೊಣ್ಣೆಹುಳುಗಳನ್ನು ಎಳೆದು ತಿನ್ನುತ್ತದೆ. ಹುಲ್ಲಿನ ಬೇರು ತಿನ್ನುವ ಆ ಹುಳುವಿಗೆ ಔಷಧಿ ಹೊಡೆಯುವವರು ಒಂದು ಬೆಳಗ್ಗೆ ಈ ಹಕ್ಕಿಯ ಕೆಲಸವನ್ನು ಕುಳಿತು ನೋಡಬೇಕು ಎಂದು ನನಗನ್ನಿಸುತ್ತದೆ. ಆಟದ ಚರಿತ್ರೆಯೂ ಇದಕ್ಕೆ ಒದಗುತ್ತದೆ. ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳ ನಡುವೆ, ಕುರಿಗಳೂ ಮೊಲಗಳೂ ಮೇಯ್ದು ಮೊಟಕು ಮಾಡಿದ ಹುಲ್ಲಿನ ಮೇಲೆ. ಬಂಕರುಗಳು ಗಾಳಿಗೆ ಹೆದರಿದ ಕುರಿಗಳು ಒರಗಿ ಮಲಗಿ ಸವೆಸಿದ ಗುಂಡಿಗಳೆಂದು ಹೇಳುವವರಿದ್ದಾರೆ. ಅವರ ಗೋಮಾಳದ ಆಟ ಸುತ್ತಿ ಬಳಸಿ ನಮ್ಮ ಗೋಮಾಳದ ಹಕ್ಕಿಗೆ ಆಸರೆಯಾಗಿದೆ. ಕುರಿಗಳಿಲ್ಲ, ಗೋವುಗಳಿಲ್ಲ, ಸದಸ್ಯರಿದ್ದೇವೆ.

ಬಂಕರಿನ ಮಾತು ಬಂತು. ಹನ್ನೊಂದನೆಯ ಕುಳಿಯ ಎಡಗಡೆ ಆಳವಾದ ಒಂದು ಬಂಕರಿದೆ; ಅದರ ಹಿಂಗೋಡೆ ಮೊಣಕಾಲೆತ್ತರಕ್ಕೆ ನೆಟ್ಟಗಿದೆ. ಏಪ್ರಿಲ್ ಮೊದಲ ವಾರದಲ್ಲಿ ನಾನು ಅದರೊಳಗಿಂದ ಚೆಂಡನ್ನು ಎತ್ತಲು ಐದನೆಯ ಬಾರಿ ಪ್ರಯತ್ನಿಸುತ್ತಿದ್ದಾಗ, ಗೋಡೆಯಲ್ಲಿ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ತೂತೊಂದು ಕಾಣಿಸಿತು, ಅದರ ಕೆಳಗೆ ಹೊಸ ಮರಳಿನ ಸಣ್ಣ ರಾಶಿ. ಹಾವಿನದೆಂದು ಹಿಂದೆ ಸರಿದೆ. ಹಾವಲ್ಲ, ಕಳ್ಳಿಪೀರ. ಗುಬ್ಬಚ್ಚಿಯಷ್ಟೇ ಮೈ, ಹಸಿರು ಬಣ್ಣ, ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಗೆರೆ, ಬಾಲದ ನಡುವಿನಿಂದ ತಂತಿಯಂತೆ ಹೊರಟ ಎರಡು ಗರಿ. ದುಂಬಿ, ಜೇನು, ತುಂಬೆಹೂವಿನ ಮೇಲಿನ ಏರೋಪ್ಲೇನ್ ಚಿಟ್ಟೆ, ಯಾವುದನ್ನು ಹಿಡಿದರೂ ತಂತಿಯ ಮೇಲೆ ಕೂತು ಕುಕ್ಕಿ ಬಡಿದೇ ನುಂಗುವ ಹಕ್ಕಿ. ಇದು ಕೊಕ್ಕಿನಿಂದ ಮಣ್ಣು ಕೆದಕಿ, ಕಾಲಿನಿಂದ ಹಿಂದಕ್ಕೆ ಒದ್ದು, ಕೆಲವೊಮ್ಮೆ ಐದು ಅಡಿಯವರೆಗೂ ಸುರಂಗ ಕೊರೆಯುತ್ತದೆ. ಅದರ ಕೊನೆಯಲ್ಲಿ, ಬರಿ ನೆಲದ ಮೇಲೆ, ಗೋಲಿಯಂತೆ ದುಂಡಗಿನ, ಹೊಳೆಯುವ ಬಿಳಿ ಮೊಟ್ಟೆಗಳನ್ನು ಇಡುತ್ತದೆ. ಕತ್ತಲೆಯೊಳಗಿನ ಮೊಟ್ಟೆಗೆ ತೇನೆಹಕ್ಕಿಯದರಂತೆ ವೇಷ ಹಾಕುವ ಅಗತ್ಯವಿಲ್ಲ.

ತೂತು ಸಿಕ್ಕಿದ ಮೇಲೆ ನನಗೆ ಹಕ್ಕಿ ಒಳಗೆ ಹೋಗುವುದನ್ನು ನೋಡಬೇಕೆನ್ನಿಸಿತು. ಬಂಕರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ತೂತು ಎದುರಿಗೇ ಕಾಣುವಂತೆ ನಿಂತೆ. ಹಕ್ಕಿ ಬಾಯಲ್ಲಿ ಹುಳು ಕಚ್ಚಿಕೊಂಡು ಸ್ಪ್ರಿಂಕ್ಲರಿನ ತಲೆಯ ಮೇಲೆ ಕುಳಿತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಅದು ಹಾರಿತು, ಸುತ್ತಿತು, ಮತ್ತೆ ಅಲ್ಲೇ ಬಂದು ಕುಳಿತಿತು, ಹುಳು ಬಾಯಲ್ಲೇ ಇತ್ತು. ಕ್ಯಾಡಿ ಚೀಲ ಕೆಳಗಿಟ್ಟು, "ಆ ತೂತು ನಿಮ್ಗೆ ಕಾಣೋ ಗಂಟ ಅದು ಹೋಗಕಿಲ್ಲ ಸಾ. ಈ ಕಡೆ ಬನ್ನಿ" ಎಂದು ನನ್ನನ್ನು ಗೋಡೆಯ ಹಿಂಬದಿಗೆ ಕರೆದ. ಅಲ್ಲಿಗೂ ಹಕ್ಕಿಗೂ ಅಷ್ಟೇ ದೂರ, ಆದರೆ ಅಲ್ಲಿಂದ ತೂತು ಕಾಣುವುದಿಲ್ಲ. ನಾವು ಅಲ್ಲಿ ನಿಂತು ಎಲೆಯಡಿಕೆಯ ಮಾತಾಡುತ್ತಿದ್ದಂತೆ ಹಕ್ಕಿ ಬಾಣದಂತೆ ಇಳಿದು ಮರೆಯಾಯಿತು. ಹಕ್ಕಿಗೆ ನಮ್ಮ ಇರವಿನ ಭಯವಲ್ಲ, ನಮ್ಮ ನೋಟದ ಭಯ. ಇದನ್ನು ಪುಣೆಯ ಜೀವವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಅವರ ಸಂಗಡಿಗರು ಕ್ರಮವಾಗಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ್ದಾರೆ ಎಂದು ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು: ಗೂಡು ಕಾಣುವ ಕಡೆ ಮನುಷ್ಯ ನಿಂತರೆ ಕಳ್ಳಿಪೀರ ಗೂಡಿಗೆ ಹೋಗಲು ಹಿಂಜರಿಯುತ್ತದೆ, ಅಷ್ಟೇ ದೂರದಲ್ಲಿ ಗೂಡು ಕಾಣದ ಕಡೆ ನಿಂತರೆ ಹೋಗುತ್ತದೆ. ಎದುರಿನವನಿಗೆ ಏನು ಕಾಣುತ್ತಿದೆ ಎಂಬ ಲೆಕ್ಕ ಆ ಪುಟ್ಟ ತಲೆಯೊಳಗೆ ನಡೆಯುತ್ತದೆ. ನಮ್ಮ ಕ್ಯಾಡಿಗೆ ಆ ಪ್ರಬಂಧ ಗೊತ್ತಿಲ್ಲ, ಪ್ರಬಂಧದವರಿಗೆ ನಮ್ಮ ಕ್ಯಾಡಿ ಗೊತ್ತಿಲ್ಲ. ಇಬ್ಬರಿಗೂ ಕಳ್ಳಿಪೀರ ಗೊತ್ತು.

ಬಂಕರಿನ ಈ ತೂತಿಗೂ ಆಟದ ನಿಯಮದಲ್ಲಿ ಜಾಗವಿದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 2019ಕ್ಕೆ ಮೊದಲಿನ ನಿಯಮಗಳಲ್ಲಿ ಬಿಲ ತೋಡುವ ಪ್ರಾಣಿ, ಸರೀಸೃಪ 'ಅಥವಾ ಹಕ್ಕಿ' ಮಾಡಿದ ತೂತು ಎಂದೇ ಬರೆದಿತ್ತು. ಈಗಿನ ನಿಯಮದಲ್ಲಿ ಪ್ರಾಣಿ ಎಂಬ ಮಾತಿನೊಳಗೇ ಹಕ್ಕಿಯೂ ಸೇರಿದೆ. ಅಂಥ ತೂತು ಅಡ್ಡಬಂದರೆ ಬಂಕರಿನೊಳಗೇ ಬೇರೆ ಕಡೆ ದಂಡವಿಲ್ಲದೆ ಚೆಂಡು ಹಾಕಬಹುದು. ನನಗೆ ಇದರಿಂದ ಲಾಭವೇನೂ ಆಗಲಿಲ್ಲ, ಆರನೆಯ ಹೊಡೆತದಲ್ಲೂ ಚೆಂಡು ಮೇಲೆ ಬರಲಿಲ್ಲ. ಆದರೆ ಮರಳನ್ನು ಸಮ ಮಾಡುವ ಮಾಲಿ ಆ ಬಂಕರಿಗೆ ಬಂದಾಗ ಕುಂಟೆಯನ್ನು ಗೋಡೆಯಿಂದ ಒಂದು ಮಾರು ಈಚೆಗೇ ನಿಲ್ಲಿಸುವುದನ್ನು ಅಂದಿನಿಂದ ಗಮನಿಸಿದ್ದೇನೆ. ಬೇರೆ ಬಂಕರುಗಳಲ್ಲಿ ಅಂಚಿನವರೆಗೂ ಎಳೆಯುತ್ತಾನೆ. ಯಾರೂ ಅವನಿಗೆ ಹೇಳಿದಂತಿಲ್ಲ, ಅವನೂ ಯಾರಿಗೂ ಹೇಳಿದಂತಿಲ್ಲ.

ಇಲ್ಲಿ ಕಾಣಬಹುದೆಂದು ನಾನೆಣಿಸದಿದ್ದವು ಇನ್ನೂ ಇವೆ. ಬೆಟ್ಟದಿಂದ ಇಳಿದು ಬರುವ ನವಿಲುಗಳು ಈಗ ಯಾರಿಗೂ ಸುದ್ದಿಯಲ್ಲ. ಕಾರಂಜಿ ಕೆರೆಯ ಕಡೆಯಿಂದ ಹೆಜ್ಜಾರ್ಲೆಗಳು ತಲೆಯ ಮೇಲೆ ಬಹಳ ಎತ್ತರದಲ್ಲಿ ರೆಕ್ಕೆ ಬಡಿಯದೆ ತೇಲಿಹೋಗುವಾಗ ಆಟ ನಿಲ್ಲಿಸಿ ನೋಡುವವರು ಈಗಲೂ ಇದ್ದಾರೆ. ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಬೇರೆ: ಲಂಟಾನದ ನೆರಳಿನಲ್ಲಿ ಚೆಂಡಿಗಾಗಿ ಬಗ್ಗಿದಾಗ, ಒಂದು ಮಾರು ದೂರದಲ್ಲಿ, ಮೈಗಿಂತ ದೊಡ್ಡದೋ ಎನ್ನಿಸುವ ಹಳದಿ ಕಣ್ಣೊಂದು ರೆಪ್ಪೆ ಬಡಿಯದೆ ನನ್ನನ್ನು ನೋಡುತ್ತಿತ್ತು. ಕಣ್ಣಿನ ಸುತ್ತ ಹಕ್ಕಿ ಇದೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಣ್ಣಿನ ಬಣ್ಣ, ಗೆರೆಗೆರೆಯ ಮೈ, ಗಂಟುಗಂಟಾದ ಮಂಡಿ. ಹಗಲೆಲ್ಲ ನೆರಳಲ್ಲಿ ಕಲ್ಲಿನಂತೆ ನಿಂತಿದ್ದು ಕತ್ತಲಾದ ಮೇಲೆ ಮೇವಿಗೆ ಹೊರಡುವ, ನೆಲದಲ್ಲೇ ಎರಡು ಮೊಟ್ಟೆಯಿಡುವ ಹಕ್ಕಿಯಿದು. ಕ್ಯಾಡಿ ಇದಕ್ಕೆ 'ರಾತ್ರಿಕಣ್ಣಿ' ಎನ್ನುತ್ತಾನೆ. ಅವನೇ ಇಟ್ಟ ಹೆಸರಿರಬೇಕು. ಚೆಂಡನ್ನು ಅಲ್ಲಿಗೇ ಬಿಟ್ಟು ಹಿಂದಕ್ಕೆ ಬಂದೆ. ಪೊದೆಯೊಳಗೆ ಬಿಟ್ಟ ಬಿಳಿ ಚೆಂಡನ್ನು ಕಾಗೆ ನೋಡಲಾರದು ಎಂದು ಖಚಿತಪಡಿಸಿಕೊಂಡೇ ಬಿಟ್ಟೆ.

ಏಪ್ರಿಲ್ ಕೊನೆಯ ಹೊತ್ತಿಗೆ ತೇನೆಹಕ್ಕಿಯ ಜೋಡಿ ಮತ್ತೆ ಮೊಟ್ಟೆಯಿ‌ಟ್ಟಿತು. ಹಳೆಯ ಜಾಗದಿಂದ ಐವತ್ತು ಹೆಜ್ಜೆ ದೂರದಲ್ಲಿ, ಹುಲ್ಲು ತೆಳ್ಳಗಾದ ರಫ್‌ನ ಅಂಚಿನಲ್ಲಿ. ಇದನ್ನು ಕಂಡದ್ದು ನಾನಲ್ಲ, ಮಿಷನ್ನು ಓಡಿಸುವವನು. ಮಿಷನ್ನು ಹತ್ತಿರ ಬಂದಾಗ ಹಕ್ಕಿ ಎದ್ದು ಹೋಗದೆ, ದನಗಳಿಗೆ ಮಾಡುವಂತೆ ರೆಕ್ಕೆ ಅಗಲಿಸಿ ಎದುರು ನಿಂತಿತಂತೆ. ಅವನು ಸುತ್ತಿಕೊಂಡು ಹೋದ. ಅಲ್ಲಿ ಕತ್ತರಿಸದೆ ಉಳಿದ ಹುಲ್ಲಿನ ಒಂದು ಗುಪ್ಪೆ ಕಾಣಬೇಕಾಗಿತ್ತು. ಆದರೆ ಮಾರನೆಯ ದಿನ ನಾನು ನೋಡಿದಾಗ ಆ ರಫ್‌ನ ಉದ್ದಕ್ಕೂ ಅಂಥವೇ ಆರೇಳು ಗುಪ್ಪೆಗಳಿದ್ದವು. ಮಿಷನ್ನಿನ ಬ್ಲೇಡು ಮೊಂಡಾಗಿದೆ, ಕೆಲಸ ಸರಿಯಾಗಿಲ್ಲ ಎಂದು ನಮ್ಮ ಗುಂಪಿನವರೊಬ್ಬರು ಗೊಣಗಿದರು. ನಾನು ಕ್ಯಾಡಿಯನ್ನು ಕೇಳಿದೆ. ಅವನು ಆ ಕಡೆ ತಿರುಗದೆಯೇ ಹೇಳಿದ: "ಒಂದೇ ಬಿಟ್ರೆ ಗೊತ್ತಾಯ್ತದೆ ಸಾ. ಅದ್ಕೆ ಅಷ್ಟೂ ಬಿಟ್ಟವ್ನೆ."

ನಾಲ್ಕು ಕಡ್ಡಿಗಳಿಗೆ ಬಟ್ಟೆ ಕಟ್ಟುವಾಗ ನನಗೆ ಹೊಳೆಯದಿದ್ದದ್ದು ಇದು. ಇರುವುದೊಂದನ್ನು ಕಾಪಾಡಬೇಕಾದರೆ ಇಲ್ಲದ ಆರನ್ನು ಮಾಡಿಡಬೇಕು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲಾಕರುಗಳ ಬೀಗದ ಕೈ ಹಿಡಿದುಕೊಂಡಿದ್ದವನಿಗೆ, ಒಂದೇ ಥರದ ನೂರು ಬಾಗಿಲುಗಳ ನಡುವೆ ಒಂದು ಬಾಗಿಲು ಕ್ಷೇಮವಾಗಿರುತ್ತದೆ ಎಂಬುದು ಗೊತ್ತಿರಬೇಕಾಗಿತ್ತು.

ಆಮೇಲಿನ ಒಂದು ತಿಂಗಳು ನಾನು ಆ ಗುಪ್ಪೆಗಳ ಪಕ್ಕದಲ್ಲಿ ನಡೆಯುವ ಕ್ರಮವನ್ನು ಕಲಿತೆ. ನಿಲ್ಲಬಾರದು, ನಿಧಾನ ಮಾಡಬಾರದು, ತಿರುಗಿ ನೋಡಬಾರದು, ಮಾತು ನಿಲ್ಲಿಸಬಾರದು. ರಾಗಿಯ ಬೆಲೆ, ಕ್ಯಾಡಿಯ ಮಗಳ ಡಿಗ್ರಿ ಪರೀಕ್ಷೆ, ಉಪ್ಪಿನಕಾಯಿಗೆ ಬಂದ ಮಾವು, ಏನಾದರೂ ಒಂದನ್ನು ಮಾತಾಡುತ್ತಾ ಹೋಗಬೇಕು. ಮೊದಲ ವಾರ ಹಕ್ಕಿ ಎದ್ದು ಕೂಗುತ್ತಿತ್ತು. ಎರಡನೆಯ ವಾರ ಎದ್ದು ನಿಲ್ಲುತ್ತಿತ್ತು. ಮೂರನೆಯ ವಾರ ಕತ್ತನ್ನಷ್ಟೇ ಎತ್ತುತ್ತಿತ್ತು. ಒಂದು ಮಧ್ಯಾಹ್ನ, ಬೇಗೆ ತಾಳಲಾರದೆ ಆಟ ನಿಲ್ಲಿಸಿ ಮರದಡಿ ಕುಳಿತಿದ್ದಾಗ, ಸೋರುವ ಸ್ಪ್ರಿಂಕ್ಲರಿನ ಕೆಳಗಿನ ಕೊಚ್ಚೆಗೆ ಜೋಡಿಯಲ್ಲೊಂದು ಬಂತು. ನೀರು ಕುಡಿಯಲಿಲ್ಲ. ಹೊಟ್ಟೆಯನ್ನು ನೀರಿಗೆ ಊರಿ, ಎದೆಯ ಗರಿಗಳನ್ನು ಬಿಡಿಸಿ, ಮಗು ಕೂರುವಂತೆ ಆ ಕಡೆ ಈ ಕಡೆ ಅಲ್ಲಾಡಿ ಕುಳಿತಿತು. ಎದ್ದಾಗ ಹೊಟ್ಟೆಯ ಬಿಳಿ ಗರಿಗಳು ನೆಂದು ಜಡೆಗಟ್ಟಿ ತೊಟ್ಟಿಕ್ಕುತ್ತಿದ್ದವು. ಹಾಗೆಯೇ ಓಡಿಹೋಗಿ, ಕಾವು ಕೂತಿದ್ದ ಇನ್ನೊಂದನ್ನು ಎಬ್ಬಿಸಿ, ಮೊಟ್ಟೆಗಳ ಮೇಲೆ ಒದ್ದೆ ಹೊಟ್ಟೆಯನ್ನು ಇಳಿಸಿತು. ಎದ್ದದ್ದು ಕೊಚ್ಚೆಯ ಕಡೆ ಬಂತು. ಕಾವು ಕೊಡುವುದು ಎಂದು ನಾವು ಹೇಳುವ ಕೆಲಸ ಮೈಸೂರಿನ ಮೇ ತಿಂಗಳಿನಲ್ಲಿ ಬಹುಪಾಲು ತಂಪು ಕೊಡುವ ಕೆಲಸ. ಆ ಸೋರಿಕೆಯನ್ನು ಸರಿಮಾಡಿಸಿ ಎಂದು ದೂರು ಬರೆಯಬೇಕೆಂದಿದ್ದವನು ಬರೆಯಲಿಲ್ಲ.

ಮೇ ಕೊನೆಯ ವಾರ, ರಾತ್ರಿ ಗುಡುಗಿ ಒಳ್ಳೆಯ ಮಳೆ ಬಂದ ಮರುದಿನ, ಗುಪ್ಪೆಗಳ ಹತ್ತಿರ ಹಕ್ಕಿಯಿರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಮಾರ್ಚಿನ ಆ ಚಿಪ್ಪಿನ ಚೂರು ಕಣ್ಣ ಮುಂದೆ ಬಂತು. ಆದರೂ ನಿಲ್ಲದೆ ಮುಂದೆ ನಡೆದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಹದಿಮೂರನೆಯ ಕುಳಿಯ ಕಡೆಯಿಂದ ಎರಡು ತೇನೆಹಕ್ಕಿಗಳು ಒಟ್ಟಿಗೇ ಕಿರುಚುತ್ತಾ ಮೇಲೆದ್ದವು, ಮೊದಲ ದಿನದಂತೆಯೇ, ಅದಕ್ಕಿಂತ ಜೋರಾಗಿ. ಈ ಹಕ್ಕಿಯ ಮರಿಗಳು ಮೊಟ್ಟೆಯೊಡೆದ ದಿನವೇ ಓಡಾಡುತ್ತವೆ, ತಮ್ಮ ಮೇವನ್ನು ತಾವೇ ಹೆಕ್ಕುತ್ತವೆ. ತಾಯಿತಂದೆ ಕೂಗಿದರೆ ಇದ್ದಲ್ಲೇ ನೆಲಕ್ಕೊತ್ತಿ ಕಲ್ಲಾಗುತ್ತವೆ. ಕಿರುಚುತ್ತಿವೆಯೆಂದರೆ ಕಾಯಲು ಏನೋ ಇದೆ ಎಂದೇ ಅರ್ಥ. ಕ್ಯಾಡಿ ನಮ್ಮಿಬ್ಬರನ್ನೂ ಫೇರ್‌ವೇಯ ಆಚೆ ಮಗ್ಗುಲಿಗೆ ತಿರುಗಿಸಿದ.

"ಎಷ್ಟು ಮರಿಯಪ್ಪಾ?" ಎಂದು ಕೇಳಿದೆ.

"ಮೂರು ಅಂತಿದ್ದ ಸಾ, ಮಿಷನ್ ಓಡ್ಸೋನು. ನಾನು ನೋಡಕ್ಕೋಗ್ನಿಲ್ಲ."

ನಾನೂ ಹೋಗಲಿಲ್ಲ. ಆ ಕುಳಿಗೆ ನನ್ನ ಕಾರ್ಡಿನಲ್ಲಿ 9 ಹೊಡೆತ ಎಂದು ಬರೆದುಕೊಂಡೆ.